ಗಂಜಿ ಅಕ್ಕ ಬರೆದುಕೊಟ್ಟ ಹೇಳಿಕೆ

ದೊಡ್ಡ ಆಸ್ಪತ್ರೆಯ ಹಿಂಭಾಗದಲ್ಲಿ, ಅಡುಗೆಮನೆಗೂ ಜನರೇಟರ್ ಕೋಣೆಗೂ ನಡುವೆ, ತಗಡಿನ ಚಾವಣಿಯ ಒಂದು ಉದ್ದನೆಯ ಲಾಂಡ್ರಿ ಇದೆ. ಅಲ್ಲಿ ಮೂವತ್ತೇಳು ವರ್ಷಗಳಿಂದ ಕೆಲಸ ಮಾಡುತ್ತಿರುವ ಒಬ್ಬ ಹೆಂಗಸಿನ ಬಗ್ಗೆ ಬರೆಯಲು ಕುಳಿತಿದ್ದೇನೆ. ಬರೆಯುವ ಯೋಗ್ಯತೆ ನನಗಿಲ್ಲ. ಆದರೆ ನಡೆದದ್ದು ಪೂರ್ತಿ ಗೊತ್ತಿರುವುದು ನಮ್ಮಿಬ್ಬರಿಗೇ, ಅವರಂತೂ ಬರೆಯುವುದಿಲ್ಲ. ಇದರಲ್ಲಿ ಕೆಟ್ಟವರು ಯಾರು ಎಂದು ಕೊನೆಯವರೆಗೆ ಹುಡುಕುವ ಕಷ್ಟ ಓದುವವರಿಗೆ ಬೇಡ. ಅದು ನಾನೇ.

ಅವರನ್ನು ಎಲ್ಲರೂ ಗಂಜಿ ಅಕ್ಕ ಎನ್ನುತ್ತಿದ್ದರು. ಅವರ ಬಟ್ಟೆಗೆ ಸದಾ ಗಂಜಿ, ಅದರ ಮೇಲೆ ಕತ್ತಿಯಂಥ ಇಸ್ತ್ರಿ. ಮೆಟ್ಟಿಲು ಹತ್ತುವಾಗ ಮೊದಲು ಬಟ್ಟೆಯ ಸರಪರ ಸದ್ದು ಬರುತ್ತಿತ್ತು, ಹಿಂದಿನಿಂದ ಅವರು. ಹತ್ತೊಂಬತ್ತನೇ ವಯಸ್ಸಿನಲ್ಲಿ ಕೊಳೆಬಟ್ಟೆ ವಿಂಗಡಿಸುವ ಕೆಲಸಕ್ಕೆ ಸೇರಿದವರು. ರಕ್ತದ ಕಲೆಯದ್ದು ಒಂದು ಕಡೆ, ಔಷಧಿಯದ್ದು ಇನ್ನೊಂದು ಕಡೆ, ಮಕ್ಕಳ ವಾರ್ಡಿನದು ಬೇರೆ. ಮದುವೆಯಾಗಲಿಲ್ಲ. ಅಣ್ಣನ ಮನೆಯಲ್ಲಿ ಹಿಂದಿನ ಕೋಣೆ ಅವರದು.

ಮೂವತ್ತೆರಡಾದಾಗ ಅವರಿಗೆ ಓದುವ ಹುಚ್ಚು ಹಿಡಿಯಿತು. ಅರ್ಧಕ್ಕೆ ಬಿಟ್ಟ ಶಾಲೆಯಿಂದ ಶುರು ಮಾಡಿ, ಅಂಚೆ ಮೂಲಕ ಪಾಠ ತರಿಸಿಕೊಂಡು, ಒಂದೊಂದೇ ಪರೀಕ್ಷೆ ಕಟ್ಟಿದರು. ಒಗೆಯುವ ಯಂತ್ರದ ಒಂದು ಸುತ್ತು ಮುಗಿಯಲು ನಲವತ್ತು ನಿಮಿಷ. ಅಷ್ಟರಲ್ಲಿ ಒಂದು ಪಾಠ. ಎರಡು ಸಲ ಫೇಲಾಗಿ, ನಲವತ್ತೊಂದನೇ ವಯಸ್ಸಿಗೆ ಚರಿತ್ರೆಯಲ್ಲಿ ಡಿಗ್ರಿ ಮುಗಿಸಿದರು, ಮೂರನೇ ದರ್ಜೆ. ಅಣ್ಣ ನಕ್ಕನಂತೆ. “ಇನ್ಮೇಲೆ ಬೆಡ್‌ಶೀಟುಗಳಿಗೆ ರಾಜರ ಕಥೆ ಹೇಳ್ತೀಯಾ?” ಎಂದನಂತೆ. ಇದನ್ನು ನನಗೆ ಹೇಳುವಾಗ ಅವರೂ ನಕ್ಕರು. ಆಸ್ಪತ್ರೆಯಲ್ಲಿ ಡಿಗ್ರಿಯಿಂದ ಹುದ್ದೆ ಏರಲಿಲ್ಲ, ಸಂಬಳ ಕದಲಲಿಲ್ಲ. ಎರಡು ವರ್ಷ ಅದು ಪೆಟ್ಟಿಗೆಯಲ್ಲಿ ಮಲಗಿತ್ತು.

ಆಮೇಲೆ ನಮ್ಮ ಊರಿನ ಗ್ರಂಥಾಲಯದ ಮಹಡಿಯಲ್ಲಿ ಮಾರ್ಗದರ್ಶಿ ಯೋಜನೆ ಶುರುವಾಯಿತು. ಮನೆಯಲ್ಲಿ ಯಾರೂ ಕಾಲೇಜಿನ ಮುಖ ನೋಡಿರದ ಹೈಸ್ಕೂಲು ಮಕ್ಕಳಿಗೆ ಒಬ್ಬೊಬ್ಬ ದೊಡ್ಡವರನ್ನು ಜೊತೆ ಮಾಡುವುದು. ಯಾವ ಕೋರ್ಸು, ಯಾವ ಫಾರಂ, ಯಾವ ತಾರೀಖು ಎಂದು ಅವರು ಕೈಹಿಡಿದು ನಡೆಸುವುದು. ಮಾರ್ಗದರ್ಶಿ ಆಗಲು ಒಂದೇ ಷರತ್ತು: ತಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮಾಡಿದವರಾಗಿರಬೇಕು. ಗಂಜಿ ಅಕ್ಕ ಅರ್ಜಿ ಹಾಕಿದರು, ಆಯ್ಕೆಯಾದರು. ಆ ಡಿಗ್ರಿ ಅವರಿಗೆ ತಂದುಕೊಟ್ಟ ಒಂದೇ ಒಂದು ಹುದ್ದೆ ಅದು. ಕೊರಳಿಗೆ ಹಾಕಿಕೊಳ್ಳಲು ಒಂದು ಕಾರ್ಡು ಕೊಟ್ಟಿದ್ದರು. ಅವರು ಅದನ್ನು ಬಸ್ಸಿನಲ್ಲೂ ತೆಗೆಯುತ್ತಿರಲಿಲ್ಲ.

ಅವರ ಮೊದಲ ವಿದ್ಯಾರ್ಥಿನಿ ನಾನು. ಇಲ್ಲಿಯವರೆಗೆ ಕೊನೆಯವಳೂ ನಾನೇ.

ಆಗ ನನಗೆ ಹದಿನೇಳು. ನನ್ನ ಅಪ್ಪ ನೋಟರಿ ಕಚೇರಿಯಲ್ಲಿ ಟೈಪಿಸ್ಟ್. ದಿನವಿಡೀ ಪ್ರಮಾಣಪತ್ರ, ಕರಾರುಪತ್ರ ಟೈಪ್ ಮಾಡಿ ಮಾಡಿ, ಕಾಗದ ಎಂದರೆ ಅವರಿಗೆ ದೇವರಿಗಿಂತ ಒಂದು ಮೆಟ್ಟಿಲು ಮೇಲೆ. ಹೆಸರು ಓದಿ ಜೋಡಿ ಮಾಡಿದ ದಿನ ನನ್ನ ಪಕ್ಕದವಳಿಗೆ ಬ್ಯಾಂಕಿನವರು ಸಿಕ್ಕರು, ಹಿಂದಿನವಳಿಗೆ ಇಂಜಿನಿಯರ್. ನನ್ನ ಪಾಲಿಗೆ ಲಾಂಡ್ರಿ. ಮನೆಗೆ ಹೋಗಿ ಅತ್ತುಬಿಟ್ಟೆ. ಅಪ್ಪ ಮೂಗು ಮುರಿದು, “ಹೋಗ್ಲಿ ಬಿಡು, ಸಹಿ ಹಾಕೋಕೆ ಒಬ್ರು ಬೇಕಲ್ಲ,” ಎಂದರು. ಶಾಲೆಯಲ್ಲಿ ಕೇಳಿದವರಿಗೆ ನಾನು “ನಮ್ಮ ಮೆಂಟರ್ ಆಸ್ಪತ್ರೆಯಲ್ಲಿದಾರೆ” ಎಂದಷ್ಟೇ ಹೇಳುತ್ತಿದ್ದೆ. ಡಾಕ್ಟರೋ ನರ್ಸೋ ಎಂದು ಅವರವರೇ ಅಂದುಕೊಳ್ಳಲಿ ಎಂದು.

“ನಿಂಗೆ ಏನಾಗ್ಬೇಕು ಅಂತಿದೆ?” ಎಂದು ಗಂಜಿ ಅಕ್ಕ ಮೊದಲ ದಿನ ಕೇಳಿದರು.

“ಗೊತ್ತಿಲ್ಲ.”

“ಒಳ್ಳೇದಾಯ್ತು. ಎಲ್ಲಾ ಗೊತ್ತಿರೋರಿಗೆ ಹೇಳಿಕೊಡೋದು ಕಷ್ಟ.”

ಆಮೇಲೆ ನಾನು ಗಣಿತ ಕಷ್ಟ, ಟೀಚರ್ ಸರಿಯಿಲ್ಲ, ಮನೆಯಲ್ಲಿ ಗಲಾಟೆ ಎಂದು ಒಂದು ಗಂಟೆ ಗೊಣಗಿದೆ. ಅವರು ಪೂರ್ತಿ ಕೇಳಿಸಿಕೊಂಡು, “ಪಿಟೀಲು ಕುಯ್ದಿದ್ದು ಮುಗೀತಾ? ಈಗ ಪುಸ್ತಕ ತೆಗಿ,” ಎಂದರು. ಅಂದಿನಿಂದ ನಾನು ಅವರ ಬಾಯಲ್ಲಿ ಪಿಟೀಲು.

ಪ್ರತಿ ಶನಿವಾರ ಮಧ್ಯಾಹ್ನ ಉಳಿದ ಮಾರ್ಗದರ್ಶಿಗಳು ಗ್ರಂಥಾಲಯದ ಕೋಣೆಯಲ್ಲಿ ಕುಳಿತು ಕಾಲೇಜುಗಳ ಪುಸ್ತಿಕೆ ತಿರುವಿಹಾಕುತ್ತಿದ್ದರು. ನನ್ನವರು ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಒಗೆದ ಬಟ್ಟೆ ಹೊತ್ತ ಚಕ್ರದ ಗಾಡಿಯ ಒಂದು ತುದಿ ನನ್ನ ಕೈಗೆ ಕೊಟ್ಟರು. “ಈ ಗಾಡಿ ಇದ್ರೆ ಎಲ್ಲಿಗೆ ಅಂತ ಯಾರೂ ಕೇಳಲ್ಲ. ಡಾಕ್ಟ್ರನ್ನಾದ್ರೂ ತಡೀತಾರೆ, ಬೆಡ್‌ಶೀಟ್ ತಡಿಯಲ್ಲ,” ಎಂದರು. ಹಾಗೆ ನಾಲ್ಕು ಶನಿವಾರ ನಾನು ಬಟ್ಟೆ ಹಂಚುತ್ತಾ ಜನ ಮಾಡುವ ಕೆಲಸಗಳನ್ನು ನೋಡಿದೆ. ಎಕ್ಸ್‌ರೇ ಕೋಣೆ, ರಕ್ತಪರೀಕ್ಷೆಯ ಲ್ಯಾಬು, ಔಷಧಿ ಉಗ್ರಾಣ. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಇದ್ದದ್ದು ಒಂದೇ: ಶಾಲೆಯವರು ಯಾರೂ ನೋಡದಿದ್ದರೆ ಸಾಕು.

ನಾಲ್ಕನೇ ಶನಿವಾರ ಫಿಜಿಯೋಥೆರಪಿ ಕೋಣೆಗೆ ಟವೆಲ್ ಕೊಡಲು ಹೋದೆವು. ಪಾರ್ಶ್ವವಾಯು ಬಡಿದ ಒಬ್ಬ ಲಾರಿ ಡ್ರೈವರ್ ಎರಡು ಕಂಬಿಗಳ ನಡುವೆ ನಿಂತಿದ್ದ. ಎದುರಿಗೆ ಒಬ್ಬಳು ಹುಡುಗಿ, ನನಗಿಂತ ಆರೇಳು ವರ್ಷ ದೊಡ್ಡವಳಿರಬಹುದು, ಹಿಂದಕ್ಕೆ ಹೆಜ್ಜೆ ಇಡುತ್ತಾ ಅವನನ್ನು ಕರೆಯುತ್ತಿದ್ದಳು. ಅವನು ಅವಳಿಗೆ ಬಾಯಿಗೆ ಬಂದಂತೆ ಬೈಯುತ್ತಾ ಐದು ಹೆಜ್ಜೆ ಇಟ್ಟ. ಆರನೆಯದಕ್ಕೆ ಬೈಗುಳ ಮರೆತ. ನಾನು ಬಾಗಿಲಲ್ಲೇ ನಿಂತುಬಿಟ್ಟಿದ್ದೆ.

“ಟವೆಲ್ ಕೊಟ್ಟು ಎಷ್ಟೊತ್ತಾಯ್ತು ಗೊತ್ತಾ?” ಎಂದರು ಗಂಜಿ ಅಕ್ಕ. “ಮೂರು ಕಡೆ ಬಾಯಿ ಬಿಟ್ಕೊಂಡು ನೋಡ್ದೆ, ಇಲ್ಲಿ ಮಾತ್ರ ಮುಚ್ಕೊಂಡು ನೋಡ್ದೆ. ಫಾರಂನಲ್ಲಿ ಇದನ್ನೇ ಬರಿ.”

ನನ್ನ ಇಂದಿನ ಕೆಲಸ, ಅನ್ನ, ಹೆಸರಿನ ಮುಂದಿನ ಅಕ್ಷರಗಳು, ಎಲ್ಲ ಆ ಬಾಗಿಲಿನಿಂದ ಬಂದದ್ದು.

ಫಿಜಿಯೋಥೆರಪಿ ಕಾಲೇಜಿನಲ್ಲಿ ಯೋಜನೆಯ ಮಕ್ಕಳಿಗೆಂದು ನಾಲ್ಕು ಸೀಟು ಮೀಸಲಿದ್ದವು. ನನ್ನ ಹೆಸರು ನಾಲ್ಕನೆಯದಾಗಿ ಬಂತು. ಇನ್ನುಳಿದದ್ದು ಮೂಲ ದಾಖಲೆಗಳ ಪರಿಶೀಲನೆ, ಸೋಮವಾರ. ಅದರ ಹಿಂದಿನ ಶನಿವಾರ ಗ್ರಂಥಾಲಯದ ಕೋಣೆಯಲ್ಲಿ ಇಪ್ಪತ್ತು ಮಕ್ಕಳು ಸೇರಿದ್ದೆವು. ಯೋಜನೆಯವರು ಎಲ್ಲರಿಗೂ ಒಂದೇ ತರಹದ ನೀಲಿ ಫೈಲು ಕೊಟ್ಟಿದ್ದರು. ನನ್ನ ಫೈಲನ್ನು ಯಾರೋ ಒಬ್ಬಳು ತನ್ನದೆಂದು ಎತ್ತಿಕೊಂಡು ಹೋಗಿಬಿಟ್ಟಳು. ಮೆಟ್ಟಿಲಿಳಿದು ಬಸ್ ನಿಲ್ದಾಣದವರೆಗೆ ಓಡಿ, ಬಸ್ಸಿನೊಳಗಿಂದ ಅವಳನ್ನು ಎಳೆದು, ಫೈಲು ವಾಪಸು ತಂದೆ.

ಇಲ್ಲಿ ಶಾಯಿಯ ವಿಷಯ ಹೇಳಬೇಕು. ಲಾಂಡ್ರಿಯಲ್ಲಿ ಪ್ರತಿ ಬಟ್ಟೆಯ ಮೂಲೆಗೂ ವಾರ್ಡಿನ ಅಕ್ಷರ, ಅಂಕಿ ಬರೆಯುತ್ತಾರೆ. ಅದಕ್ಕೊಂದು ಕಪ್ಪು ಶಾಯಿ, ಕಂದು ಬಾಟಲಿ, ಬಿದಿರಿನ ಕಡ್ಡಿ. ಎಷ್ಟು ಕುದಿಸಿದರೂ, ಎಂಥ ಸೋಪು ಹಾಕಿದರೂ ಹೋಗದ ಶಾಯಿ. ಗಂಜಿ ಅಕ್ಕನಿಗೆ ಇದು ಕೈಚಳಕವಾಗಿ ಹೋಗಿ ಚಟವೂ ಆಗಿತ್ತು. ತಮ್ಮ ಕೊಡೆ, ಡಬ್ಬಿ, ಕನ್ನಡಕದ ಪೆಟ್ಟಿಗೆ, ಚಪ್ಪಲಿಯ ಅಡಿ, ಎಲ್ಲದರ ಮೇಲೂ ಗುರುತು. ಬಾಟಲಿ ಕೈಚೀಲದಲ್ಲೇ ಇರುತ್ತಿತ್ತು. ನಾವು ಅದಕ್ಕೆ ತಮಾಷೆ ಮಾಡುತ್ತಿದ್ದೆವು.

ಆ ದಿನ ಏದುಸಿರು ಬಿಡುತ್ತಾ ಬಂದು, “ಅಕ್ಕ, ನಿಮ್ಮ ಶಾಯಿ ಇದೆಯಾ? ನನ್ನದಕ್ಕೂ ಗುರುತು ಹಾಕಿಬಿಡಿ,” ಎಂದವಳು ನಾನು. ಅವರು ಫೈಲಿನ ರಟ್ಟಿನ ಮೇಲೆ ಚೆಂದವಾಗಿ ಹಾಕಿದರು. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನಾನು ಅಂಕಪಟ್ಟಿಯನ್ನು ಹೊರತೆಗೆದು, ಹಿಂದೆ ತಿರುಗಿಸಿ, ಮೇಜಿನ ಮೇಲಿಟ್ಟೆ.

“ಇದಕ್ಕೂ ಹಾಕಿ.”

ಅವರು ಕಡ್ಡಿ ಎತ್ತಿದವರು ಹಾಗೇ ನಿಂತರು. “ಇದ್ರ ಮೇಲೆ ಬರೀಬಹುದೇನೇ?”

“ಹಿಂದ್ಗಡೆ ತಾನೇ ಅಕ್ಕ? ಹಿಂದೆ ಏನು ಬರೆದ್ರೂ ನಡೆಯುತ್ತೆ.”

“ಯಾರನ್ನಾದ್ರೂ ಒಂದ್ಮಾತು ಕೇಳೋಣ.”

“ನಮ್ಮಪ್ಪ ದಿನಾ ಮಾಡೋದು ಇದೇ ಕೆಲ್ಸ ಅಲ್ವಾ? ನಂಗೆ ಗೊತ್ತಿಲ್ವಾ?”

ಅಪ್ಪ ಹಾಗೆ ಎಂದೂ ಹೇಳಿರಲಿಲ್ಲ. ಅವರು ಹೇಳಿದ್ದು, ಮೂಲ ಪ್ರತಿಯ ಮೇಲೆ ಪೆನ್ಸಿಲ್ ಚುಕ್ಕೆ ಇಟ್ಟರೂ ಕೈ ಮುರಿಯುತ್ತೇನೆ ಎಂದು. ಆದರೆ ಟೈಪಿಸ್ಟನ ಮಗಳು ಎಂಬ ಜಂಬ ನನಗೆ, ಲಾಂಡ್ರಿಯವರಿಗಿಂತ ಕಾಗದದ ವಿಷಯ ನನಗೆ ಚೆನ್ನಾಗಿ ಗೊತ್ತು ಎಂದು ತೋರಿಸುವ ಆಸೆ. ಅಪ್ಪನ ಮಾತೆತ್ತಿದ ಮೇಲೆ ಅವರು ನಂಬಿದರು. ಮೂಲೆಯಲ್ಲಿ “ಪಿ ೧” ಎಂದು ಬರೆದರು. ಪಿಟೀಲು ಒಂದು. ಇಬ್ಬರೂ ನಕ್ಕೆವು. ಆರಲಿ ಎಂದು ಊದಿ, ಫೈಲಿನೊಳಗಿಟ್ಟು, ದಾರ ಕಟ್ಟಿ, ಸೋಮವಾರದವರೆಗೆ ಬಿಚ್ಚಲೇಬೇಡ ಎಂದರು.

ಬಟ್ಟೆಯ ಎಳೆಗಳೊಳಗೆ ಇಳಿಯಲೆಂದೇ ಮಾಡಿದ ಶಾಯಿ ಅದು. ಕಾಗದದಲ್ಲಿ ಸುಮ್ಮನೆ ಕೂರುತ್ತದೆಯೇ? ಎರಡು ದಿನದಲ್ಲಿ ಇನ್ನೊಂದು ಬದಿಗೆ ಬಂದಿತ್ತು.

ಸೋಮವಾರ ಕಾಲೇಜಿನ ಸಭಾಂಗಣದಲ್ಲಿ ಸಾಲು. ನನ್ನ ಒಂದು ಪಕ್ಕದಲ್ಲಿ ಅಪ್ಪ, ಇನ್ನೊಂದು ಪಕ್ಕದಲ್ಲಿ ಕಾರ್ಡು ಧರಿಸಿದ ಗಂಜಿ ಅಕ್ಕ. ಮಾರ್ಗದರ್ಶಿ ಜೊತೆಗಿರಬೇಕೆಂಬುದು ನಿಯಮ. ಪರಿಶೀಲನೆಯ ಅಧಿಕಾರಿ ದಾರ ಬಿಚ್ಚಿ ಅಂಕಪಟ್ಟಿ ತೆಗೆದರು. ನೋಂದಣಿ ಸಂಖ್ಯೆಯ ಕೊನೆಯ ಮೂರು ಅಂಕಿಗಳ ಮೇಲೆ ಕಪ್ಪು ಹರಡಿತ್ತು, ಬೇಕೆಂದೇ ಅಳಿಸಿದ ಹಾಗೆ. ಅವರು ಅದನ್ನು ಬೆಳಕಿಗೆ ಹಿಡಿದರು, ತಿರುಗಿಸಿದರು, ಮತ್ತೆ ನನ್ನ ಕಡೆ ನೋಡಿದರು. ಅವರ ತಲೆಯ ಹಿಂದಿನ ಗೋಡೆಯ ಮೇಲೆ ದಪ್ಪಕ್ಷರದ ಸೂಚನೆ ಇತ್ತು: ದಾಖಲೆ ತಿದ್ದಿದ ವಿದ್ಯಾರ್ಥಿಗೆ ಮೂರು ವರ್ಷ ಪ್ರವೇಶವಿಲ್ಲ.

“ಯಾರು ಮಾಡಿದ್ದು ಇದನ್ನ?”

ಅಪ್ಪನ ಉಸಿರು ನನ್ನ ಕಿವಿಯ ಹತ್ತಿರ ಕೇಳುತ್ತಿತ್ತು. ಸಾಲಿನಲ್ಲಿದ್ದವರೆಲ್ಲ ಕತ್ತು ಚಾಚಿದ್ದರು. ನಾನು ಯೋಚನೆ ಮಾಡಿದೆ ಎಂದು ಹೇಳಿಕೊಳ್ಳುವ ಹಾಗಿಲ್ಲ, ಯೋಚನೆ ಮಾಡಲೇ ಇಲ್ಲ. ನಾಲಿಗೆ ಅಷ್ಟು ಸಲೀಸಾಗಿ ಹೊರಳಿತು.

“ನಂಗೆ ಗೊತ್ತಿಲ್ಲ ಸಾರ್. ಇವ್ರು ಮಾಡಿದ್ದು. ನನ್ನನ್ನ ಕೇಳಲೇ ಇಲ್ಲ.”

ಗಂಜಿ ಅಕ್ಕ ಒಮ್ಮೆ ನನ್ನ ಮುಖ ನೋಡಿದರು. ಒಂದೇ ಸಲ. ಆಮೇಲೆ ಗೋಡೆಯ ಮೇಲಿನ ಸೂಚನೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದರು.

“ಹೌದು ಸಾರ್,” ಎಂದರು. “ಹುಡುಗಿಗೆ ಗೊತ್ತಿಲ್ಲ. ನಾನೇ ಹಾಕಿದ್ದು.”

ಆಗ ಅಪ್ಪ ಬಾಯಿ ತೆರೆದರು. ಇಡೀ ಸಭಾಂಗಣಕ್ಕೆ ಕೇಳುವ ಹಾಗೆ, “ನೀವು ಓದಿದೋರೇನ್ರೀ? ಬಟ್ಟೆ ಒಗೆಯೋರಿಗೆ ಕಾಗದದ ಬೆಲೆ ಏನು ಗೊತ್ತಾಗ್ಬೇಕು! ನನ್ನ ಮಗಳ ಜೀವನಾನೇ ಹಾಳು ಮಾಡಿಬಿಟ್ರಲ್ಲ!” ಎಂದರು. ಗಂಜಿ ಅಕ್ಕ ತಲೆ ತಗ್ಗಿಸಿ ನಿಂತು ಪೂರ್ತಿ ಕೇಳಿಸಿಕೊಂಡರು. ನಾನು ಪಕ್ಕದಲ್ಲೇ ಇದ್ದೆ. ಅಪ್ಪನ ತೋಳು ಹಿಡಿದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಅವರು ಬೈಸಿಕೊಳ್ಳುತ್ತಿದ್ದಷ್ಟು ಹೊತ್ತು ನನಗೆ ಒಳಗೊಳಗೇ ಸಮಾಧಾನವಾಗುತ್ತಿತ್ತು. ಹದಿಮೂರು ವರ್ಷದಿಂದ ನನ್ನನ್ನು ತಿನ್ನುತ್ತಿರುವುದು ಆ ಸಮಾಧಾನ.

ಅಧಿಕಾರಿ ಬಿಳಿ ಹಾಳೆ ಮುಂದಿಟ್ಟು ಹೇಳಿಕೆ ಬರೆದುಕೊಡಿ ಎಂದರು. ಗಂಜಿ ಅಕ್ಕ ನಿಂತೇ ಬರೆದರು, ದುಂಡಗಿನ ಅಕ್ಷರ. “ಈ ಅಂಕಪಟ್ಟಿಗೆ ಶಾಯಿ ಹಾಕಿದವಳು ನಾನು. ವಿದ್ಯಾರ್ಥಿನಿಗೆ ಇದು ತಿಳಿದಿರಲಿಲ್ಲ. ನಾನು ಅವಳನ್ನು ಕೇಳಲಿಲ್ಲ.” ಮೂರು ವಾಕ್ಯ. ಮೊದಲನೆಯದು ನಿಜ. ಉಳಿದೆರಡೂ ನನ್ನವು. ಕೆಳಗೆ ಸಹಿ ಹಾಕಿ, ಪಕ್ಕದಲ್ಲಿ ತಮ್ಮ ಡಿಗ್ರಿಯನ್ನೂ ಬರೆದರು.

ಮರುದಿನ ಸಂಜೆ ಐದರೊಳಗೆ ಪರೀಕ್ಷಾ ಮಂಡಳಿಯಿಂದ ಎರಡನೇ ಪ್ರತಿ ತಂದರೆ ಸೀಟು ಉಳಿಯುತ್ತದೆ ಎಂದರು. ಅಪ್ಪನಿಗೆ ರಜೆ ಸಿಗಲಿಲ್ಲ. ಹೋದದ್ದು ಗಂಜಿ ಅಕ್ಕ. ಇಪ್ಪತ್ತನಾಲ್ಕು ವರ್ಷದಲ್ಲಿ ಮೊದಲ ಸಲ ಹೇಳದೆ ಕೇಳದೆ ಪಾಳಿ ತಪ್ಪಿಸಿ, ಮಂಡಳಿಯ ಕಿಟಕಿ ತೆರೆಯುವ ಮೊದಲೇ ಹೋಗಿ ನಿಂತು, ಮೂರು ಕಿಟಕಿ, ಎರಡು ಮಹಡಿ ಓಡಾಡಿ, ನಾಲ್ಕೂವರೆಗೆ ಕಾಲೇಜಿನ ಗೇಟಿಗೆ ಬಂದರು. ಬಟ್ಟೆಯ ಗಂಜಿ ಪೂರ್ತಿ ಬೆವರಿಗೆ ಮೆತ್ತಗಾಗಿತ್ತು. ಪ್ರತಿಯನ್ನು ನನ್ನ ಕೈಗಿಟ್ಟು, “ಓಡು, ಹೊತ್ತಾಯ್ತು,” ಎಂದರು. ನಾನು ಓಡಿದೆ. ಹೊರಗೆ ಬರುವಾಗ ಅವರಿರಲಿಲ್ಲ. ಇದ್ದಿದ್ದರೆ ಹೇಳುತ್ತಿದ್ದೆನೇನೋ ಎಂದು ಎಷ್ಟೋ ವರ್ಷ ನನಗೆ ನಾನೇ ಸುಳ್ಳು ಹೇಳಿಕೊಂಡಿದ್ದೇನೆ.

ಕಾಲೇಜಿನವರು ಹೇಳಿಕೆಯ ನಕಲನ್ನು ಯೋಜನೆಗೆ ಕಳಿಸಿದರು. ವಿದ್ಯಾರ್ಥಿಯನ್ನು ಕೇಳದೆ ದಾಖಲೆ ಕೆಡಿಸಿದ ಮಾರ್ಗದರ್ಶಿಯನ್ನು ಇಟ್ಟುಕೊಳ್ಳುವ ಹಾಗಿರಲಿಲ್ಲ. ಕಾರ್ಡು ವಾಪಸು ತೆಗೆದುಕೊಂಡರು. ಯೋಜನೆಯ ಸಂಯೋಜಕಿ ಇದನ್ನು ನನಗೆ ತಿಳಿಸಿ, “ನಿಂಗೆ ತೊಂದ್ರೆ ಆಯ್ತು, ಕ್ಷಮಿಸಮ್ಮ,” ಎಂದು ನನ್ನ ಹತ್ತಿರವೇ ಕ್ಷಮೆ ಕೇಳಿದರು. ನಾನು ದೊಡ್ಡ ಮನಸ್ಸು ಮಾಡಿದವಳಂತೆ “ಪರವಾಗಿಲ್ಲ ಮೇಡಂ” ಎಂದೆ.

ಆಮೇಲೆ ಓದಿದೆ. ಚೆನ್ನಾಗಿಯೇ ಓದಿದೆ. ಕೊನೆಯ ವರ್ಷದ ತರಬೇತಿಗೆ ಎಲ್ಲರೂ ದೊಡ್ಡ ಆಸ್ಪತ್ರೆಗೆ ಮುಗಿಬಿದ್ದಾಗ ನಾನು ಊರಾಚೆಯ ಸಣ್ಣದನ್ನು ಕೇಳಿ ಪಡೆದೆ. ಸರಳ ಹುಡುಗಿ ಎಂದು ಮೇಷ್ಟ್ರು ಮೆಚ್ಚಿಕೊಂಡರು. ಲಾಂಡ್ರಿಯ ಗಾಡಿ ಎದುರಾದೀತು ಎಂಬ ಭಯ ಅಷ್ಟೇ. ಒಮ್ಮೆ ಬಸ್ ನಿಲ್ದಾಣದಲ್ಲಿ ಅವರು ಕಂಡರು. ನಾನು ತಟಕ್ಕನೆ ಕಂಬದ ಮರೆಗೆ ಸರಿದೆ. ಕಂಬ ಸಣ್ಣದು, ನಾನು ಅಷ್ಟು ಸಣ್ಣಗಿಲ್ಲ. ಅವರು ನೋಡಿರಲೇಬೇಕು. ಅವರು ಮೆಲ್ಲಗೆ ಇನ್ನೊಂದು ಕಡೆ ತಿರುಗಿ, ಏನೂ ಇಲ್ಲದ ಒಂದು ಗೋಡೆಯನ್ನು ನನ್ನ ಬಸ್ಸು ಬರುವವರೆಗೂ ನೋಡುತ್ತಾ ನಿಂತರು. ಅವಿತುಕೊಳ್ಳುವುದನ್ನೂ ಅವರೇ ನನಗೆ ಸುಲಭ ಮಾಡಿಕೊಟ್ಟರು.

ಎರಡು ವರ್ಷದ ಹಿಂದೆ ಯೋಜನೆಯವರು, ನಮ್ಮಲ್ಲಿಂದ ಮೇಲೆ ಬಂದವರು ಎಂದು ಹೊಗಳಿ, ಮಾರ್ಗದರ್ಶಿಗಳನ್ನು ಆರಿಸುವ ಸಮಿತಿಗೆ ನನ್ನನ್ನು ಸೇರಿಸಿಕೊಂಡರು. ನಾವು ಮೂವರು: ಅದೇ ಸಂಯೋಜಕಿ, ಈಗ ತಲೆ ಪೂರ್ತಿ ಬೆಳ್ಳಗೆ; ಒಬ್ಬರು ನಿವೃತ್ತ ಹೆಡ್‌ಮಾಸ್ಟರು; ಮತ್ತು ನಾನು. ಮೊದಲ ಸಭೆಯಲ್ಲೇ ಅರ್ಜಿಗಳ ನಡುವೆ ಆ ದುಂಡಗಿನ ಅಕ್ಷರ ಕಾಣಿಸಿತು. “ಇವ್ರು ಪ್ರತಿ ವರ್ಷ ಹಾಕ್ತಾರೆ ಪಾಪ,” ಎಂದರು ಸಂಯೋಜಕಿ. “ಆದ್ರೆ ಹಳೇದೊಂದು ಪ್ರಕರಣ ಇದೆ.” ಆ ಪ್ರಕರಣದ ಹುಡುಗಿ ನಾನೆಂಬುದು ಅವರಿಗೆ ನೆನಪಿರಲಿಲ್ಲ. ಎಷ್ಟು ಮಕ್ಕಳು ಬಂದು ಹೋದರೋ. ತಿರಸ್ಕೃತರ ಪಟ್ಟಿ ನನ್ನ ಮುಂದೆ ಬಂತು. ಸಹಿ ಹಾಕಿದೆ. ಎರಡನೇ ವರ್ಷವೂ ಹಾಕಿದೆ. ಮೊದಲ ಸಲ ಸಹಿ ಸೊಟ್ಟಗೆ ಬಂದಿತ್ತು. ಎರಡನೇ ಸಲ ಚೆನ್ನಾಗಿ ಬಂತು.

ಈ ವರ್ಷ ಹೆಡ್‌ಮಾಸ್ಟರು ಆ ಅರ್ಜಿಯನ್ನು ಎತ್ತಿಕೊಂಡು ಜೋರಾಗಿ ಓದತೊಡಗಿದರು, ಚಹಾ ಬರುವವರೆಗೆ ಒಂದು ತಮಾಷೆ ಇರಲಿ ಎಂಬಂತೆ. “ಹಿಂದಿನ ಅನುಭವ” ಎಂಬ ಅಂಕಣದಲ್ಲಿ ಹೀಗಿತ್ತು: “ನಾನು ಒಬ್ಬ ವಿದ್ಯಾರ್ಥಿನಿಗೆ ಮಾರ್ಗದರ್ಶಿಯಾಗಿದ್ದೆ. ನನ್ನ ತಪ್ಪಿನಿಂದ ಅವಳ ಸೀಟು ಹೋಗುವುದರಲ್ಲಿತ್ತು. ಅವಳು ಜಾಣೆ, ಆದ್ದರಿಂದ ಉಳಿಯಿತು. ಅವಳು ಈಗ ಫಿಜಿಯೋಥೆರಪಿಸ್ಟ್ ಆಗಿದ್ದಾಳೆಂದು ಕೇಳಿದ್ದೇನೆ. ಇನ್ನೊಬ್ಬರಿಗೆ ಇನ್ನೂ ಎಚ್ಚರದಿಂದ ಸಹಾಯ ಮಾಡುತ್ತೇನೆ.”

“ಎಂಥೆಂಥೋರು ಬರ್ತಾರೆ ನೋಡಿ,” ಎಂದು ಹೆಡ್‌ಮಾಸ್ಟರು ಕನ್ನಡಕ ತೆಗೆದರು. “ಮಕ್ಕಳ ಭವಿಷ್ಯಕ್ಕೆ ಕಲ್ಲು ಹಾಕಿ, ಅದನ್ನೇ ಅನುಭವ ಅಂತ ಬರೀತಾರೆ. ಸ್ವಲ್ಪನಾದ್ರೂ ನಾಚಿಕೆ ಬೇಡ್ವಾ?”

ಮುಖಕ್ಕೆ ಬಿಸಿನೀರು ಎರಚಿದ ಹಾಗಾಯಿತು. “ಆ ಹುಡುಗಿ ನಾನೇ ಸಾರ್,” ಎಂದೆ.

ಇಬ್ಬರೂ ನನ್ನನ್ನು ನೋಡಿದರು. “ಅಯ್ಯೋ! ಇಂಥೋರ ಕೈಗೆ ಸಿಕ್ಕಿಯೂ ಮೇಲೆ ಬಂದ್ರಲ್ಲಮ್ಮ, ಶಭಾಷ್!” ಎಂದರು ಹೆಡ್‌ಮಾಸ್ಟರು. ಒಂದು ಕ್ಷಣ, ದೇವರಾಣೆ, ಅದನ್ನೂ ನುಂಗಿ ನಕ್ಕು ಸುಮ್ಮನಾಗಿಬಿಡೋಣ ಎನ್ನಿಸಿತು. ನನ್ನ ಬಗ್ಗೆ ನನಗೆ ಅಷ್ಟು ಹೇಸಿಗೆ ಹಿಂದೆಂದೂ ಆಗಿರಲಿಲ್ಲ.

ಹೇಳಿದೆ. ಶಾಯಿ ಕೇಳಿದ್ದು ನಾನು, ಅಂಕಪಟ್ಟಿ ತೆಗೆದುಕೊಟ್ಟಿದ್ದು ನಾನು, ಅವರು ಹಿಂಜರಿದಾಗ ಅಪ್ಪನ ಮಾತೆತ್ತಿ ನಂಬಿಸಿದ್ದು ನಾನು, ಗೊತ್ತಿಲ್ಲ ಎಂದದ್ದು ನಾನು. ಎರಡು ವರ್ಷ ಇದೇ ಮೇಜಿನಲ್ಲಿ ಸಹಿ ಹಾಕಿದ್ದೂ ನಾನೇ. ಚಹಾ ಬಂತು, ಯಾರೂ ಮುಟ್ಟಲಿಲ್ಲ. ಹೆಡ್‌ಮಾಸ್ಟರು ಅರ್ಜಿಯನ್ನು ಮೇಜಿನ ಮೇಲಿಟ್ಟು ಅಂಗೈಯಿಂದ ನೇವರಿಸಿ ಸರಿಮಾಡಿದರು.

“ಹದಿಮೂರು ವರ್ಷ ಏನ್ ಮಾಡ್ತಿದ್ರಿ?” ಎಂದು ಸಂಯೋಜಕಿ ಕೇಳಿದರು. ಬೈಯಲಿಲ್ಲ, ಬರೀ ಕೇಳಿದರು. ಅವರು ಒಂದು ಹಾಳೆ ಕೊಟ್ಟರು. “ಎಲ್ಲಾ ಬರ್ದು ಸಹಿ ಹಾಕಿ. ಆಮೇಲೆ ಅವ್ರಿಗೆ ನೀವೇ ಫೋನ್ ಮಾಡಿ. ನಾನು ಮಾಡಲ್ಲ.”

ಬರೆದೆ. ಹೊರಗೆ ಮೆಟ್ಟಿಲ ಹತ್ತಿರ ನಿಂತು, ಅರ್ಜಿಯಲ್ಲಿದ್ದ ಸಂಖ್ಯೆಗೆ ಫೋನ್ ಮಾಡಿದೆ. ಆ ಕಡೆ ಯಂತ್ರದ ಸದ್ದು. ನಾನು ಯಾರೆಂದು ಹೇಳುವ ಮೊದಲೇ, “ದನಿ ಗೊತ್ತಾಯ್ತು, ಹೇಳು,” ಎಂದರು. ಒಂದೇ ಉಸಿರಿನಲ್ಲಿ ಹೇಳಿದೆ. ಕ್ಷಮಿಸಿ ಎಂದದ್ದು ಯಂತ್ರದ ಸದ್ದಿನಲ್ಲಿ ಕೇಳಿಸಿತೋ ಇಲ್ಲವೋ.

“ನಿನ್ನ ಡಿಗ್ರಿ ವಾಪಸ್ ತಗೊಳ್ಳಲ್ಲ ತಾನೇ?”

“ಇಲ್ಲ ಅಕ್ಕ.”

“ವಿಚಾರಿಸಿದ್ಯಾ? ಬರ್ದುಕೊಡೋಕೆ ಮುಂಚೆ ವಿಚಾರಿಸ್ಬೇಕು.”

“ಏನೂ ಆಗಲ್ಲ ಅಕ್ಕ. ನಿಮ್ಮ ಅರ್ಜಿ ಮತ್ತೆ ನೋಡ್ತಾರೆ.”

ಈಗ ಅವರ ದನಿಯಲ್ಲಿ ನಾನು ಎಂದೂ ಕೇಳಿರದ ಹೆದರಿಕೆ ಇತ್ತು. “ಹಾಗಾದ್ರೆ ನಾನು ಆವತ್ತು ಬರ್ದುಕೊಟ್ಟಿದ್ದು ಸುಳ್ಳು ಅಂ‌ತಾಯ್ತಲ್ಲೇ. ಸುಳ್ಳು ಹೇಳಿಕೆ ಕೊಟ್ಟೋಳನ್ನ ಮಕ್ಕಳ ಹತ್ರ ಬಿಡ್ತಾರಾ?”

“ಸುಳ್ಳು ನಂದು ಅಕ್ಕ.”

“ಹೇಳಿದ್ದು ನೀನು. ಸಹಿ ನಂದು.” ಮತ್ತೆ, “ಒಳಗೋಗಿ ಕೇಳು. ನಾನು ಫೋನ್ ಹಿಡ್ಕೊಂಡೇ ಇರ್ತೀನಿ,” ಎಂದರು.

ಒಳಗೆ ಹೋಗಿ ಕೇಳಿದೆ. ಹೆಡ್‌ಮಾಸ್ಟರು ನಿಯಮದ ಪುಸ್ತಕಕ್ಕೆ ಕೈ ಹಾಕಿದರು. ಸಂಯೋಜಕಿ ಅದರ ಮೇಲೆ ತಮ್ಮ ಕೈ ಇಟ್ಟು, ನನ್ನ ಫೋನ್ ತೆಗೆದುಕೊಂಡರು. “ಶನಿವಾರ ಎರಡು ಗಂಟೆಗೆ ಬನ್ನಿ. ಒಬ್ಳು ಹುಡುಗೀನ ಜೊತೆ ಮಾಡ್ತೀನಿ,” ಎಂದರು. ಆಮೇಲೆ ಬಹಳ ಹೊತ್ತು ಕೇಳಿಸಿಕೊಂಡರು. ಕೇಳುತ್ತಾ ಕೇಳುತ್ತಾ ಅವರ ಕಣ್ಣು ನನ್ನ ಮೇಲೆ ಬಂತು, ಮತ್ತೆ ಬೇರೆ ಕಡೆ ಹೋಯಿತು. ಫೋನಿಗೆ ಅಂಗೈ ಅಡ್ಡ ಹಿಡಿದರು.

“ನಿಮ್ಮನ್ನ ಸಮಿತಿಯಿಂದ ತೆಗೀಬೇಡಿ ಅಂತಿದಾರೆ. ಹುಡುಗಿ ಆಗ ಚಿಕ್ಕವಳು, ಹೆದರಿದ್ದಳು, ಅವಳದೇನೂ ತಪ್ಪಿಲ್ಲ ಅಂತ, ಬೇಕಾದ್ರೆ ಇನ್ನೊಂದು ಹೇಳಿಕೆ ಬರ್ದುಕೊಡ್ಲಾ ಅಂತ ಕೇಳ್ತಿದಾರೆ.”

“ಬೇಡ ಅಂತ ಹೇಳಿ,” ಎಂದೆ. ತಲೆ ಎತ್ತಿ ಹೇಳಲಾಗಲಿಲ್ಲ.